ಕಂಪನಿ ಕಲರಾ, ನಿಮ್ಮ ಕಲರಾ?

ಶಿವಾಜಿನಗರದ ಒಳರಸ್ತೆಗಳಲ್ಲಿ ಬೈಕಿನ ಟ್ಯಾಂಕ್ ಹಿಡಿದುಕೊಂಡು ಪೇಂಟಿಂಗ್ ಅಂಗಡಿಯ ಮುಂದೆ ನಿಂತರೆ ಮೊದಲು ಬರುವ ಪ್ರಶ್ನೆ: ‘ಕಂಪನಿ ಕಲರಾ, ನಿಮ್ಮ ಕಲರಾ?’ ರೇಟು, ಡೆಲಿವರಿ ಎಲ್ಲ ಆಮೇಲಿನ ಮಾತು. ಹೊಸ ಬೈಕಿನವರು ಥಟ್ಟನೆ ಉತ್ತರ ಹೇಳಿ ಚಹಾ ಕುಡಿಯಲು ಹೋಗುತ್ತಾರೆ. ಹಳೆಯ ಜಾವಾನೋ, ಯೆಜ್ಡಿಯೋ, ಕಾಸ್ಟ್ ಐರನ್ ಎಂಜಿನ್ನಿನ ಬುಲೆಟ್ಟೋ ತಂದವರು ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೇ ಇರಬೇಕು ಎನ್ನುವವರು ಒಂದು ಕಡೆ. ಗಾಡಿ ನನ್ನದು, ಓಡಿಸುವವನು ನಾನು, ಬಣ್ಣವೂ ನನ್ನಿಷ್ಟ ಎನ್ನುವವರು ಇನ್ನೊಂದು ಕಡೆ. ಭಾನುವಾರ ಬೆಳಿಗ್ಗೆ ಹಲಸೂರು ಕೆರೆಯ ಬದಿಯಲ್ಲಾಗಲಿ, ಇಂದಿರಾನಗರದ ದರ್ಶಿನಿಯ ಮುಂದಾಗಲಿ ನಾಲ್ಕು ಹಳೆಯ ಬೈಕುಗಳು ಸೇರಿದರೆ ಸಾಕು, ಎರಡನೇ ಕಾಫಿಗೆ ಮುನ್ನ ಈ ವಾದ ಶುರುವಾಗಿರುತ್ತದೆ.

ಎರಡೂ ಕಡೆಯವರ ಮಾತನ್ನು ಬಹಳ ಕಾಲ ಕೇಳಿದ ಮೇಲೆ ನನಗೆ ಅನ್ನಿಸಿರುವುದು ಇಷ್ಟು. ಇಬ್ಬರೂ ಒಂದು ಪ್ರಶ್ನೆಯನ್ನು ಬಿಟ್ಟುಬಿಡುತ್ತಿದ್ದಾರೆ. ಇವತ್ತು ಮಾಡುವ ಕೆಲಸವನ್ನು ನಾಳೆ ಬಿಚ್ಚಿ ವಾಪಸ್ ತರಲು ಬರುತ್ತದೆಯೇ? ಸ್ಪ್ಯಾನರ್ ಹಿಡಿದು ಬಿಚ್ಚಬಹುದಾದದ್ದು ಯಾರ ಇಷ್ಟದಂತೆಯಾದರೂ ಇರಲಿ. ಗ್ರೈಂಡರ್, ಆಸಿಡ್, ಸ್ಯಾಂಡ್ ಬ್ಲಾಸ್ಟಿಂಗ್‌ಗೆ ಬಲಿಯಾದದ್ದು ಮಾತ್ರ ಯಾವ ದುಡ್ಡಿಗೂ ಹಿಂದೆ ಬರುವುದಿಲ್ಲ. ಒರಿಜಿನಲ್ ಎಂದು ಪಟ್ಟು ಹಿಡಿಯುವವರೇ ಅನೇಕ ಸಲ ಈ ಎರಡನೇ ದಾರಿಯಲ್ಲಿ ಹೆಚ್ಚು ದೂರ ಹೋಗಿರುತ್ತಾರೆ ಎಂಬುದು ನನ್ನ ದೂರು.

ಬೆಂಗಳೂರಿನ ಪೂರ್ವಭಾಗದಲ್ಲಿ ಹಳೆಯ ಬೈಕುಗಳು ಇಷ್ಟೊಂದು ಉಳಿದಿರುವುದಕ್ಕೆ ಕಾರಣವಿದೆ. 1809ರಲ್ಲಿ ಶುರುವಾದ ದಂಡುಪ್ರದೇಶ ಸೈನ್ಯದ ಊರು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ಕತ್ತೆಗಳೆಂದರೆ ಬಿಎಸ್‌ಎ ಎಂ20, ನಾರ್ಟನ್ 16ಎಚ್: ಎರಡೂ 500 ಸಿಸಿಯ ಸೈಡ್ ವಾಲ್ವ್ ಎಂಜಿನ್, ನಿಧಾನ, ಗಟ್ಟಿ. ಸ್ವಾತಂತ್ರ್ಯದ ನಂತರ ಆ ಜಾಗಕ್ಕೆ ಮದ್ರಾಸಿನಲ್ಲಿ ತಯಾರಾದ ಎನ್‌ಫೀಲ್ಡ್ ಬುಲೆಟ್ ಬಂತು. ಇವತ್ತಿಗೂ ಬೆಂಗಳೂರಿನ ಆರ್ಮಿ ಸರ್ವೀಸ್ ಕೋರ್ ಕೇಂದ್ರದ ‘ಟೊರ್ನಾಡೋಸ್’ ತಂಡ ಬುಲೆಟ್ ಮೇಲೆಯೇ ಕಸರತ್ತು ಮಾಡುತ್ತದೆ. 2017ರ ನವೆಂಬರಿನಲ್ಲಿ ಯಲಹಂಕದ ವಾಯುನೆಲೆಯಲ್ಲಿ ಒಂದೇ 500 ಸಿಸಿ ಬೈಕಿನ ಮೇಲೆ 58 ಜನರನ್ನು ಹೊತ್ತು ಓಡಿಸಿ ವಿಶ್ವದಾಖಲೆ ಮಾಡಿದ್ದು ಇದೇ ತಂಡ.

ಇನ್ನೊಂದು ಕಾರಣ ಕಾರ್ಖಾನೆಗಳು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಕೆ.ಆರ್. ಪುರದ ಪಕ್ಕದ ದೂರವಾಣಿನಗರದಲ್ಲಿ ಐಟಿಐ, ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್. ಅಲ್ಲಿ ಸಂಬಳ ಪಡೆದವರು ಬೈಕು ಕೊಂಡರು. ಅಲ್ಲಿನ ಟೂಲ್‌ರೂಮುಗಳಲ್ಲಿ ಕೈ ಪಳಗಿಸಿಕೊಂಡವರು ಬೈಕು ರಿಪೇರಿ ಮಾಡಿದರು. ಕೆ.ಆರ್. ಪುರ, ಮಹದೇವಪುರದ ಕಡೆ ಸಣ್ಣ ಲೇತ್ ಶೆಡ್ಡುಗಳಲ್ಲಿ ಇವತ್ತಿಗೂ ಸವೆದ ಬುಶ್ಶೊಂದನ್ನು ತೋರಿಸಿದರೆ ಕ್ಯಾಲಿಪರ್ ಹಿಡಿದು ಅಳೆದು ಹೊಸದನ್ನು ಕಡೆದು ಕೊಡುವವರಿದ್ದಾರೆ. ಬಿಡಿಭಾಗ ಸಿಗದ ಬೈಕು ಬದುಕಿರುವುದು ಇಂಥ ಕೈಗಳಿಂದ.

ಆದರೆ ಕರ್ನಾಟಕದಲ್ಲಿ ಹಳೆಯ ಬೈಕು ಎಂದರೆ ಮನಸ್ಸಿಗೆ ಮೊದಲು ಬರುವುದು ಮೈಸೂರಿನ ಜಾವಾ. ಇರಾನಿ ಕುಟುಂಬ 1960ರಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿತು. ಜಯಚಾಮರಾಜೇಂದ್ರ ಒಡೆಯರ್ ಕಾರ್ಖಾನೆಯನ್ನು ಉದ್ಘಾಟಿಸಿದರು. 1961ರಿಂದ ಯಾದವಗಿರಿಯಲ್ಲಿ ಜೆಕೊಸ್ಲೊವಾಕಿಯಾದ ಲೈಸೆನ್ಸಿನಡಿ ಬೈಕುಗಳು ತಯಾರಾದವು. 248.5 ಸಿಸಿ, ಎರಡು ಸ್ಟ್ರೋಕ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ಕರನ್ನೇ ಒಳಕ್ಕೆ ತಳ್ಳಿ ಮಡಿಸಿದರೆ ಅದೇ ಗೇರ್ ಲಿವರ್. ಗೇರ್ ಒತ್ತಿದರೆ ಕ್ಲಚ್ ತಾನಾಗಿ ಬಿಡುತ್ತದೆ. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. 2018ರಲ್ಲಿ ಜಾವಾ ಹೆಸರಿನಲ್ಲಿ, 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಹೊಸ ಬೈಕುಗಳು ಬಂದಿವೆ. ಅವುಗಳ ಎಂಜಿನ್ ಬೇರೆ, ತಯಾರಾಗುವ ಊರೂ ಬೇರೆ. ಪ್ರತಿ ವರ್ಷ ಜುಲೈನ ಎರಡನೇ ಭಾನುವಾರ ಜಾವಾ ದಿನಕ್ಕೆ ಹೊಗೆ ಬಿಡುತ್ತಾ ಸೇರುವ ಬೈಕುಗಳಲ್ಲಿ ಹೆಚ್ಚಿನವು ಮೈಸೂರಿನ ಆ ಹಳೆಯ ಕಾರ್ಖಾನೆಯವೇ.

ಅಂಥದೊಂದು ಜಾವಾದ ಟ್ಯಾಂಕ್ ಕೆರೆಯುವುದನ್ನು ಶಿವಾಜಿನಗರದ ಅಂಗಡಿಯೊಂದರಲ್ಲಿ ಪಕ್ಕದಲ್ಲೇ ಕೂತು ನೋಡಿದ್ದೇನೆ. ಟ್ಯಾಂಕ್ ಇಡೀ ನೀಲಿ. ಯಾವ ಕಾಲದಲ್ಲೋ ಯಾರೋ ಬ್ರಶ್ಶಿನಲ್ಲೇ ಬಳಿದ ನೀಲಿ, ಅಲ್ಲಲ್ಲಿ ಸೋರಿದ ಗುರುತು. ಪೇಂಟರು ಬಕೆಟ್ಟಿನಲ್ಲಿ ಅದ್ದಿದ ವಾಟರ್ ಪೇಪರ್ ಹಿಡಿದು ಉಜ್ಜುತ್ತಾ ಹೋದರು. ನೀಲಿಯ ಕೆಳಗೆ ಕಪ್ಪು ಬಂತು, ಕಪ್ಪಿನ ಕೆಳಗೆ ಬೂದು ಪ್ರೈಮರ್. ಆಮೇಲೆ ಟ್ಯಾಂಕಿನ ಮೇಲ್ಭಾಗದಲ್ಲಿ ಮರೂನ್ ಕಾಣಿಸಿಕೊಂಡಿತು. ಪಕ್ಕಕ್ಕೆ ಇಳಿದಂತೆ ಮರೂನ್ ನಿಂತು ಹೋಯಿತು, ಅದರ ಅಂಚಿನಲ್ಲಿ ಕೂದಲೆಳೆಗಿಂತ ತುಸು ದಪ್ಪದ ಬಂಗಾರದ ಗೆರೆ, ಅದರಾಚೆ ಮಂಕಾದ ಕ್ರೋಮ್. ಮೊಣಕಾಲಿನ ರಬ್ಬರ್ ಪ್ಯಾಡ್ ಕಿತ್ತಾಗ ಅದರಡಿಯ ಕ್ರೋಮ್ ಮಾತ್ರ ಹೊಸತರ ಹಾಗೆ ಹೊಳೆಯುತ್ತಿತ್ತು. ಬಂಗಾರದ ಗೆರೆ ಒಂದೇ ಸಮ ಇರಲಿಲ್ಲ. ತಿರುವಿನಲ್ಲಿ ಒಂದು ಕಡೆ ಸ್ವಲ್ಪ ದಪ್ಪಗಾಗಿ ಮತ್ತೆ ಸಣ್ಣಗಾಗಿತ್ತು. ಮನುಷ್ಯನ ಕೈ ಅಲ್ಲಿ ಒಂದು ಕ್ಷಣ ನಿಧಾನಿಸಿತ್ತು ಎಂಬುದು ಗೊತ್ತಾಗುವ ಹಾಗೆ.

ಪೇಂಟರು ಪೇಪರ್ ಕೆಳಗಿಟ್ಟು ಗಾಡಿಯ ಯಜಮಾನರ ಮುಖ ನೋಡಿದರು. ಯಜಮಾನರಿಗೆ ಬೇಕಾಗಿದ್ದದ್ದು ಕಂಪನಿ ಕಲರ್. ಅದು ಕಣ್ಣ ಮುಂದೆಯೇ ಇತ್ತು, ಅರ್ಧ ಮಾಸಿದ್ದರೂ ಇತ್ತು. ಆದರೂ ಅವರು ‘ಎಲ್ಲ ತೆಗೆದುಬಿಡಿ, ಶೀಟಿಗೆ ಇಳಿಸಿ, ಫ್ರೆಶ್ಶಾಗಿ ಹೊಡೆಯೋಣ’ ಎಂದರು. ಪೇಂಟ್ ರಿಮೂವರ್ ಬಳಿದ ಮೇಲೆ ಮರೂನ್ ಸುಕ್ಕುಗಟ್ಟಿ ಎದ್ದು ಬಂತು. ಬಂಗಾರದ ಗೆರೆಯೂ ಅದರ ಜೊತೆ ಹೋಯಿತು. ಮೈಸೂರಿನಲ್ಲಿ ಹಚ್ಚಿದ ಬಣ್ಣವನ್ನು ಅಳಿಸಿ, ಮೈಸೂರಿನ ಬಣ್ಣ ಎಂದು ಇನ್ನೊಂದನ್ನು ಹಚ್ಚಲಾಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ, ಆ ಗಾಡಿಯನ್ನು ಅವರು ಪ್ರೀತಿಸುತ್ತಾರೆ. ಆದರೆ ಆ ಟ್ಯಾಂಕ್ ಹಾಗೇ ಉಳಿಯಬೇಕಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ಏಕೆಂದರೆ ಹೊಸದಾಗಿ ಹೊಡೆದ ಬಣ್ಣ ಆ ಕಾಲದ ಬಣ್ಣವಲ್ಲ. ಅಂದಿನ ಪೇಂಟಿಗೆ ಒಂದು ತೆಳುವಾದ, ಮೃದುವಾದ ಹೊಳಪಿತ್ತು. ಈಗಿನದು ಎರಡು ಭಾಗ ಬೆರೆಸಿ ಹೊಡೆಯುವ ಪಿಯು ಪೇಂಟ್, ಮೇಲೆ ಕ್ಲಿಯರ್ ಕೋಟ್, ಅದರ ಮೇಲೆ ಪಾಲಿಶ್. ಗಾಜಿನ ಅಡಿ ಬಣ್ಣ ಇಟ್ಟ ಹಾಗೆ ಆಳವಾಗಿ ಹೊಳೆಯುತ್ತದೆ. ಕಾರ್ಖಾನೆಯಿಂದ ಹೊರಬಿದ್ದ ಯಾವ ಜಾವಾ ಕೂಡ ಹೀಗೆ ಹೊಳೆದಿರಲಿಲ್ಲ. ಶೋಗಳಲ್ಲಿ ಬಹುಮಾನ ಪಡೆಯುವ ಈ ಮಿಂಚು ನಮ್ಮ ಕಾಲದ ಅಭಿರುಚಿ. ಅದನ್ನು ಇಷ್ಟಪಡುವುದರಲ್ಲಿ ತಪ್ಪಿಲ್ಲ, ಒರಿಜಿನಲ್ ಎಂಬ ಚೀಟಿ ಅಂಟಿಸುವುದರಲ್ಲಿ ತಪ್ಪಿದೆ. ಹಳೆಯ ಬೈಕನ್ನು ತನ್ನಿಷ್ಟದಂತೆ ಬದಲಿಸಿ ಬೂದು ಬಣ್ಣದ ಕೆಫೆ ರೇಸರ್ ಕಟ್ಟಿಸಿಕೊಂಡ ಹುಡುಗ ಇದು ನನ್ನ ಇಷ್ಟ ಎಂದು ನೇರವಾಗಿ ಒಪ್ಪಿಕೊಳ್ಳುತ್ತಾನೆ. ಅಷ್ಟರ ಮಟ್ಟಿಗೆ ಅವನ ಮಾತು ಹೆಚ್ಚು ಪ್ರಾಮಾಣಿಕ.

ಕ್ರೋಮಿನ ವಿಷಯದಲ್ಲಿ ನಷ್ಟ ಇನ್ನೂ ದೊಡ್ಡದು. ಕ್ರೋಮ್ ಪ್ಲೇಟಿಂಗ್ ಎಂದರೆ ಮೂರು ಪದರ: ತಾಮ್ರ, ಅದರ ಮೇಲೆ ನಿಕ್ಕಲ್, ಅದರ ಮೇಲೆ ಒಂದು ಮೈಕ್ರಾನಿಗಿಂತಲೂ ತೆಳುವಾದ ಕ್ರೋಮಿಯಂ. ಕಣ್ಣಿಗೆ ಕಾಣುವ ಬೆಚ್ಚನೆಯ ಹೊಳಪು, ತುಕ್ಕಿನಿಂದ ಸಿಗುವ ರಕ್ಷಣೆ ಬಹುಪಾಲು ನಿಕ್ಕಲಿನವು. ಮರುಪ್ಲೇಟಿಂಗ್ ಮಾಡಿಸಲು ಟ್ಯಾಂಕನ್ನು ಪೀಣ್ಯದ ಕಡೆಗೆ ಕಳಿಸಿದರೆ ಮೊದಲು ಹಳೆಯ ಪದರ ತೆಗೆಯುತ್ತಾರೆ, ಆಸಿಡ್ಡಿನಲ್ಲಿ ಅದ್ದುತ್ತಾರೆ, ಬಫಿಂಗ್ ಚಕ್ರಕ್ಕೆ ಒತ್ತಿ ಗುಳಿಗಳನ್ನು ಸಮ ಮಾಡುತ್ತಾರೆ. ಸಮ ಮಾಡುವುದು ಎಂದರೆ ತಗಡನ್ನೇ ತೆಳ್ಳಗೆ ಮಾಡುವುದು. ಅರವತ್ತು ವರ್ಷ ಒಳಗಿನಿಂದ ತುಕ್ಕು ತಿಂದ ತಗಡು ಈ ಬಫಿಂಗಿನಲ್ಲಿ ತೂತು ಬೀಳುವುದುಂಟು. ಸೂಜಿಮೊನೆಯ ತೂತಿಗೆ ಬ್ರೇಜಿಂಗ್, ಆ ಬ್ರೇಜಿಂಗ್ ಮುಚ್ಚಲು ಇನ್ನಷ್ಟು ತಾಮ್ರ. ಅಕ್ಷರ ಕೊರೆದ ಕಡೆ ಅಂಚುಗಳು ಕರಗಿ ದುಂಡಗಾಗುತ್ತವೆ, ಕಂಪನಿಯ ಗುರುತು ಸಾಬೂನಿನ ಮೇಲಿನ ಅಕ್ಷರದಂತೆ ಮಸುಕಾಗುತ್ತದೆ. ಸಣ್ಣ ಚುಕ್ಕೆ ತುಕ್ಕಿದ್ದ ಹ್ಯಾಂಡಲ್ ಬಾರನ್ನು ಹಿತ್ತಾಳೆ ಉಲ್ಲನ್ನಿನಲ್ಲಿ ಎಣ್ಣೆ ಹಚ್ಚಿ ತಿಕ್ಕಿ, ಮೇಣ ಹಚ್ಚಿ ಬಿಟ್ಟಿದ್ದರೆ ಇನ್ನೊಂದು ತಲೆಮಾರು ಬಾಳುತ್ತಿತ್ತು.

ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸುವುದು ಈಗಿನ ರೂಢಿ. ಗಟ್ಟಿ, ಬೇಗ ಆಗುತ್ತದೆ, ಅಗ್ಗವೂ ಹೌದು. ಆದರೆ ಆ ಪದರ ದಪ್ಪ. ಸ್ಟೀರಿಂಗ್ ಕುತ್ತಿಗೆಯ ಮೇಲೆ ಕೊರೆದ ಚಾಸಿಸ್ ನಂಬರು ಅದರಡಿ ಹೂತು ಹೋಗುತ್ತದೆ. ಹಳೆಯ ಬೈಕಿನ ಎಫ್‌ಸಿಗೆ ಹೋದವರಿಗೆ ಗೊತ್ತು, ಇನ್‌ಸ್ಪೆಕ್ಟರ್ ಕೇಳುವುದು ಆ ನಂಬರಿನ ಪೆನ್ಸಿಲ್ ಪ್ರಿಂಟ್. ಪೆನ್ಸಿಲ್ಲಿನ ಪುಡಿ ಬಳಿದು ಟೇಪ್ ಒತ್ತಿ ಎತ್ತಿದರೆ ಅಂಕಿಗಳು ಟೇಪಿಗೆ ಬರಬೇಕು. ಪೌಡರ್ ತುಂಬಿದ ಕುಳಿಯಿಂದ ಏನೂ ಬರುವುದಿಲ್ಲ. ಆಗ ಶುರುವಾಗುತ್ತದೆ ಕೆರೆಯುವ ಕೆಲಸ, ಅವಸರದಲ್ಲಿ ಸ್ಕ್ರೂಡ್ರೈವರ್ ಹಾಕಿ ಅಂಕಿಯನ್ನೇ ಗೀಚಿ ಕೆಡಿಸಿದ ಗಾಡಿಗಳನ್ನು ನೋಡಿದ್ದೇನೆ. ಕೋಟಿಂಗಿಗೆ ಕೊಡುವ ಮುನ್ನ ಆ ಎರಡು ಇಂಚು ಜಾಗಕ್ಕೆ ಶಾಖ ತಡೆಯುವ ಟೇಪ್ ಅಂಟಿಸಿ ಎಂದು ಹೇಳಿದರೆ ಸಾಕಿತ್ತು.

ಇನ್ನು ಕಂಪನಿಯದು ಎಂದರೆ ಯಾವ ಕಂಪನಿಯದು? ಜೆಕ್ ದೇಶದಲ್ಲಿ ಜಾವಾ ಬಿಡಿಭಾಗಗಳನ್ನು ಈಗಲೂ ಹೊಸದಾಗಿ ಮಾಡುತ್ತಾರೆ, ತರಿಸಿಕೊಳ್ಳುವುದೂ ಸುಲಭ. ಬ್ಯಾಡ್ಜು, ಸೀಟು, ರಬ್ಬರು, ಲೈಟಿನ ಗಾಜು, ಹಿಂದಿನ ಲ್ಯಾಂಪು, ಎಲ್ಲ ಅಲ್ಲಿಂದ ಬಂದು ಕೂತರೆ ಯಾದವಗಿರಿಯ ಜಾವಾ ನಿಧಾನಕ್ಕೆ ಜೆಕ್ ಜಾವಾ ಆಗುತ್ತದೆ. ಮೈಸೂರಿನಲ್ಲಿ ವರ್ಷದಿಂದ ವರ್ಷಕ್ಕೆ ಇಲ್ಲಿನ ಸಪ್ಲೈಯರುಗಳ ಭಾಗಗಳು ಸೇರುತ್ತಾ ಹೋಗಿದ್ದವು. ಯುರೋಪಿನ ಕ್ಯಾಟಲಾಗಿನಲ್ಲಿ ಸೀರೆ ಗಾರ್ಡ್ ಇಲ್ಲ. ನಮ್ಮಲ್ಲಿ ಹಿಂದೆ ಕೂರುವವರ ಸೀರೆ ಚಕ್ರಕ್ಕೆ ಸಿಕ್ಕದಂತೆ ಹಾಕಿದ ಆ ಜಾಲರಿ ಕಾನೂನಿನಲ್ಲೂ ಇದೆ, ನಮ್ಮ ಮನೆಗಳ ನೆನಪಿನಲ್ಲೂ ಇದೆ. ರಿಸ್ಟೋರ್ ಮಾಡಿಸುವವರು ಮೊದಲು ಬಿಚ್ಚಿ ಗುಜರಿಗೆ ಹಾಕುವುದು ಅದನ್ನೇ, ಬೈಕಿನ ಲೈನ್ ಕೆಡುತ್ತದೆ ಎಂದು. ಆಡುಗೋಡಿಯಲ್ಲಿ ಕಾರ್ಖಾನೆಯಿದ್ದ ಮೈಕೊ ಕಂಪನಿಯ ಪ್ಲಗ್ಗು ಆ ಕಾಲದ ಮೆಕ್ಯಾನಿಕ್ಕುಗಳ ಡಬ್ಬಿಯಲ್ಲೆಲ್ಲ ಇರುತ್ತಿತ್ತು. ಬೆಂಗಳೂರಿನಲ್ಲಿ ಓಡಿದ ಜಾವಾಕ್ಕೆ ಅದು ಯಾವ ವಿದೇಶಿ ಬ್ಯಾಡ್ಜಿಗಿಂತ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ದಂಡುಪ್ರದೇಶದ ಬೈಕುಗಳಲ್ಲಿ ಇದಕ್ಕಿಂತ ವಿಚಿತ್ರವಾದ ತೊಡಕೊಂದಿದೆ. ಸೈನ್ಯದಿಂದ ಹರಾಜಿನಲ್ಲಿ ಬಂದ ಬುಲೆಟ್ ಎಂದಿಟ್ಟುಕೊಳ್ಳಿ. ಅದು ಹುಟ್ಟಿದ ಬಣ್ಣ ಆಲಿವ್ ಗ್ರೀನ್. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 121ನೇ ನಿಯಮದ ಪ್ರಕಾರ ರಕ್ಷಣಾ ಇಲಾಖೆಯ ವಾಹನಗಳನ್ನು ಬಿಟ್ಟು ಬೇರೆ ಯಾವ ವಾಹನಕ್ಕೂ ಆ ಬಣ್ಣ ಹೊಡೆಯುವಂತಿಲ್ಲ. ಹರಾಜಾದ ಮೇಲೆ ಅದಕ್ಕೆ ಕಪ್ಪು ಹೊಡೆದು ರಿಜಿಸ್ಟರ್ ಮಾಡಿಸಿದರು, ಆರ್‌ಸಿಯಲ್ಲಿ ಕಪ್ಪು ಎಂದೇ ಬರೆಯಲಾಯಿತು. ನಲವತ್ತು ವರ್ಷ ಕಪ್ಪು ಬೈಕಾಗಿ ಹಲಸೂರಿನಲ್ಲಿ ತರಕಾರಿ ತಂದಿದೆ, ಮಕ್ಕಳನ್ನು ಸ್ಕೂಲಿಗೆ ಬಿಟ್ಟಿದೆ. ಈಗ ಅದರ ನಿಜವಾದ ಬಣ್ಣ ಯಾವುದು? ಕಾರ್ಖಾನೆಯಲ್ಲಿ ಪಡೆದ ಹಸಿರು ಅದರ ಚಿಕ್ಕ ಪಾಲು, ಬಾಳುವೆಯ ಬಹುಪಾಲು ಕಪ್ಪು. ಮಡ್‌ಗಾರ್ಡಿನ ಒಳಮೈಯಲ್ಲಿ ಉಳಿದ ಹಸಿರನ್ನು ಹಾಗೇ ಬಿಟ್ಟು ಮೇಲೆ ಕಪ್ಪನ್ನೇ ಇಡುವುದು ಕಾನೂನಿಗೂ ಸರಿ, ಚರಿತ್ರೆಗೂ ಸರಿ.

ಸರ್ಕಾರವೂ ಈ ವಾದದೊಳಗೆ ಬಂದಿದೆ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಚಾಸಿಸ್, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, ನೋಂದಣಿ 10 ವರ್ಷಕ್ಕೆ, ನವೀಕರಣಕ್ಕೆ 5,000. ಹೊಸ ನೋಂದಣಿಗೆ ‘ವಿಎ’ ಅಕ್ಷರಗಳ ನಂಬರು ಸಿಗುತ್ತದೆ, ಈಗಾಗಲೇ ನೋಂದಣಿ ಇರುವ ಗಾಡಿ ಹಳೆಯ ನಂಬರನ್ನೇ ಇಟ್ಟುಕೊಳ್ಳಬಹುದು. ಆದರೆ ಹೀಗೆ ನೋಂದಾಯಿಸಿದ ಬೈಕನ್ನು ದಿನನಿತ್ಯ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್, ರಿಪೇರಿ, ಇಷ್ಟಕ್ಕೆ ಮಾತ್ರ. ಬೈಕು ಕಟ್ಟಿಹಾಕಿ ಪೂಜಿಸುವುದಕ್ಕಿಂತ ಓಡಿಸುವುದು ಮುಖ್ಯ ಎನ್ನುವ ನನ್ನಂಥವರು ಸಾಮಾನ್ಯ ನೋಂದಣಿಯಲ್ಲೇ ಉಳಿದಿದ್ದೇವೆ. ಹಾಗಿದ್ದರೂ ಆ ನಿಯಮ ಚಾಸಿಸ್, ಬಾಡಿ, ಎಂಜಿನ್ ಎಂದು ಹೆಸರಿಸಿ ಬಣ್ಣದ ಬಗ್ಗೆ ಪಟ್ಟು ಹಿಡಿಯದಿರುವುದು ವಿವೇಕದ ಮಾತೇ. ಯಾವುದು ಕಳೆದರೆ ಬೈಕೇ ಕಳೆದು ಹೋಗುತ್ತದೆ ಎಂಬುದನ್ನು ಅದು ಗುರುತಿಸಿದೆ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ‘ಫಿವಾ’ 2012ರಲ್ಲಿ ಒಪ್ಪಿಕೊಂಡ ಟ್ಯೂರಿನ್ ಸನ್ನದು ಇದೇ ವಿಚಾರವನ್ನು ಇನ್ನಷ್ಟು ಬಿಡಿಸಿ ಹೇಳುತ್ತದೆ. ಕಟ್ಟಡಗಳ ಸಂರಕ್ಷಣೆಗಾಗಿ 1964ರಲ್ಲಿ ಬಂದ ವೆನಿಸ್ ಸನ್ನದು ಅದರ ಮಾದರಿ. ಇದ್ದದ್ದನ್ನು ಕಾಪಾಡುವುದು ಮೊದಲು, ಕೆಡದಂತೆ ತಡೆಯುವುದು ಆಮೇಲೆ, ರಿಸ್ಟೋರೇಷನ್ ಕೊನೆಗೆ. ಸುರಕ್ಷತೆಗಾಗಿ ಏನಾದರೂ ಬದಲಿಸಿದರೆ ಅದು ಹಿಂತೆಗೆಯಲು ಬರುವಂತಿರಲಿ, ಬಿಚ್ಚಿದ ಭಾಗಗಳು ಗಾಡಿಯ ಜೊತೆಗೇ ಉಳಿಯಲಿ ಎಂಬುದು ಅದರ ಸಲಹೆ. ಕೆ.ಆರ್. ಪುರದ ಕಡೆಯ ಹಳೆಯ ಮೆಕ್ಯಾನಿಕ್ಕೊಬ್ಬರು ಗಿರಾಕಿಗೆ ಬಿಚ್ಚಿದ ಕಾರ್ಬ್ಯುರೇಟರನ್ನು ಚೀಲದಲ್ಲಿ ಕಟ್ಟಿಕೊಟ್ಟು ‘ಇದನ್ನ ಬಿಸಾಕಬೇಡಿ ಸಾರ್’ ಎನ್ನುವಾಗ ಆ ಸನ್ನದಿನ ಹೆಸರನ್ನೂ ಕೇಳಿರುವುದಿಲ್ಲ. ಮಾಡುವ ಕೆಲಸ ಅದೇ.

ಆ ಕಾರ್ಬ್ಯುರೇಟರಿನ ಕಥೆ ಇದು. ಜಾವಾದ ಮೂಲ ಜಿಕೋವ್ ಕಾರ್ಬ್ಯುರೇಟರ್ ಸವೆದರೆ ಸ್ಲೈಡಿನ ಬದಿಯಿಂದ ಗಾಳಿ ಸೇರಿ ಐಡಲ್ ನಿಲ್ಲುವುದಿಲ್ಲ. ಮೆಕ್ಯಾನಿಕ್ಕುಗಳು ಮಿಕುನಿ ಕೂರಿಸುತ್ತಾರೆ, ಗಾಡಿ ಒಂದೇ ಕಿಕ್ಕಿಗೆ ಬರುತ್ತದೆ. ಇದರಲ್ಲಿ ನನಗೆ ಎಳ್ಳಷ್ಟೂ ತಕರಾರಿಲ್ಲ. ಎರಡು ಬೋಲ್ಟು ಬಿಚ್ಚಿದರೆ ಹಳೆಯದು ವಾಪಸ್ ಬರುತ್ತದೆ. 6 ವೋಲ್ಟಿನ ಡೈನಮೊ ಕೊಡುವ ಹಳದಿ ಬೆಳಕಿನಲ್ಲಿ ರಾತ್ರಿ ಹಳೆ ಮದ್ರಾಸು ರಸ್ತೆಯಲ್ಲಿ ಟಿನ್ ಫ್ಯಾಕ್ಟರಿ ದಾಟುವುದು ಜೀವದ ಜೊತೆ ಆಟ. 12 ವೋಲ್ಟಿಗೆ ಬದಲಿಸಿ, ವೈರಿಂಗ್ ಹೊಸದು ಹಾಕಿ, ಹೆಡ್‌ಲ್ಯಾಂಪಿನ ಡೂಮ್ ಮತ್ತು ಗಾಜು ಮಾತ್ರ ಹಳೆಯದೇ ಇರಲಿ. ಟೈರಿನ ವಿಷಯದಲ್ಲಿ ಹಳೆಯದನ್ನು ಉಳಿಸುವ ಮಾತೇ ಬೇಡ.

ಪೆಟ್ರೋಲೇ ಬದಲಾಗಿದೆ. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ತಿಂಗಳುಗಟ್ಟಲೆ ನಿಂತ ಬೈಕಿನ ಟ್ಯಾಂಕಿನ ತಳದಲ್ಲಿ ನೀರು ಸೇರಿ ತುಕ್ಕು ಹಿಡಿಯುತ್ತದೆ. ಪೆಟ್ರೋಲ್ ಕಾಕ್‌ನ ಹಳೆಯ ವಾಷರ್, ಕಪ್ಪು ರಬ್ಬರ್ ಪೈಪು ಕಂಪನಿಯವು ಎಂದು ಹಾಗೇ ಇಟ್ಟುಕೊಂಡರೆ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿ ಬೆಂಕಿಗೆ ದಾರಿಯಾಗಬಹುದು. ಇಲ್ಲಿ ಹಳೆಯ ವಸ್ತುವಿನ ಮೋಹ ಇಡೀ ಬೈಕನ್ನು ಸುಟ್ಟೀತು.

ಎಂಜಿನ್ನಿನ ಒಳಗಂತೂ ಕಾರ್ಖಾನೆಯವರೇ ಬದಲಾವಣೆಗೆ ಜಾಗ ಬಿಟ್ಟಿದ್ದರು. ಸಿಲಿಂಡರ್ ಸವೆಯುತ್ತದೆ ಎಂದು ಗೊತ್ತಿದ್ದೇ ಓವರ್‌ಸೈಜ್ ಪಿಸ್ಟನ್ನುಗಳನ್ನು ಮಾಡಿದರು. 65 ಮಿಲಿಮೀಟರಿನ ಬೋರು ಹಂತ ಹಂತವಾಗಿ ಕಾಲು ಮಿಲಿಮೀಟರ್, ಅರ್ಧ ಮಿಲಿಮೀಟರ್ ಎಂದು ಹಿಗ್ಗುತ್ತದೆ. ಕೊನೆಗೆ ಸ್ಲೀವ್ ಹೊಡೆಸಿದರೆ ಮತ್ತೆ ಮೊದಲಿನ ಅಳತೆಗೆ ಬರುತ್ತದೆ. ಸವೆದ ಕಾನ್‌ರಾಡ್ ತೆಗೆದು ಹೊಸ ಪಿನ್ನು, ರೋಲರ್ ಹಾಕಿ ಪ್ರೆಸ್ ಮಾಡಿ, ಎರಡು ಫ್ಲೈವೀಲುಗಳನ್ನು ಡಯಲ್ ಗೇಜಿನ ಮುಳ್ಳು ಅಲ್ಲಾಡದ ಹಾಗೆ ಸುತ್ತಿಗೆಯಿಂದ ತಟ್ಟಿ ತಟ್ಟಿ ಸರಿ ಮಾಡುವ ಮಿಸ್ತ್ರಿಯ ಕೆಲಸ ನೋಡಿದವರು ಒರಿಜಿನಲ್ ಕ್ರ್ಯಾಂಕ್ ಎಂದು ವಾದಿಸುವುದನ್ನು ಬಿಡುತ್ತಾರೆ. ಸವೆಯುವುದು ಎಂಜಿನ್ನಿನ ಧರ್ಮ.

ಹಾಗಾದರೆ ಕೆಫೆ ರೇಸರ್, ಬಾಬರ್, ಸ್ಕ್ರ್ಯಾಂಬ್ಲರ್ ಕಟ್ಟುವವರ ಮೇಲೆ ಯಾಕೆ ಸಿಟ್ಟು? ಇಂದಿರಾನಗರದ 100 ಅಡಿ ರಸ್ತೆಯ ಕೆಫೆಗಳ ಮುಂದೆ ನಿಲ್ಲುವ ಅಂಥ ಕೆಲವು ಬೈಕುಗಳಲ್ಲಿ ಮಾಡಿದವರ ಕಣ್ಣು ಎಷ್ಟು ಚುರುಕು ಎಂಬುದು ಕಾಣುತ್ತದೆ. ಐವತ್ತು, ಅರವತ್ತರ ದಶಕದ ಇಂಗ್ಲೆಂಡಿನಲ್ಲಿ ಹುಡುಗರು ನಾರ್ಟನ್ನಿನ ಫೆದರ್‌ಬೆಡ್ ಫ್ರೇಮಿಗೆ ಟ್ರಯಂಫ್ ಎಂಜಿನ್ ಕೂರಿಸಿ ‘ಟ್ರೈಟನ್’ ಎಂದು ಕರೆದರು. ಅಂದಿನ ಶುದ್ಧವಾದಿಗಳಿಗೆ ಅದು ಎರಡು ಬೈಕುಗಳ ಕೊಲೆ. ಇವತ್ತು ಆ ಕಾಲದಲ್ಲೇ ಕಟ್ಟಿದ ಟ್ರೈಟನ್ ಸಿಕ್ಕರೆ ಅದನ್ನು ಬಿಚ್ಚಿ ನಾರ್ಟನ್ ಮಾಡಲು ಯಾರೂ ಹೋಗುವುದಿಲ್ಲ. ನಮ್ಮಲ್ಲೂ ಒಂದು ಕಾಲದಲ್ಲಿ ಬುಲೆಟ್ ಫ್ರೇಮಿನಲ್ಲಿ ಡೀಸೆಲ್ ಎಂಜಿನ್ ಕೂತಿತ್ತು. ಕಂಪನಿಯವರೇ ಮಾಡಿದರು, ಮೆಕ್ಯಾನಿಕ್ಕುಗಳೂ ತಮ್ಮ ತಮ್ಮ ರೀತಿ ಮಾಡಿದರು. ಡೀಸೆಲ್ ಅಗ್ಗವಿದ್ದ ದಿನಗಳ ಬದುಕು ಅದರಲ್ಲಿದೆ. ಅಂಥದನ್ನು ಒರಿಜಿನಲ್ ಹೆಸರಿನಲ್ಲಿ ಪೆಟ್ರೋಲ್ ಬುಲೆಟ್ಟಾಗಿ ಬದಲಿಸುವುದನ್ನು ನಾನು ಒಪ್ಪುವುದಿಲ್ಲ.

ನನ್ನ ತಕರಾರು ಸೀಟಿನ ಹಿಂಭಾಗದ ಫ್ರೇಮನ್ನು ಗ್ರೈಂಡರಿನಲ್ಲಿ ಕತ್ತರಿಸುವುದರ ಬಗ್ಗೆ ಮಾತ್ರ. ಕೆಫೆ ರೇಸರಿನ ಗೂನು ಸೀಟಿಗಾಗಿ ಹಿಂದಿನ ಲೂಪನ್ನು ಕೊಯ್ದು ಹೊಸ ಪೈಪು ವೆಲ್ಡ್ ಮಾಡುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಮಾರ್ಪಾಡಿಗೆ ಅವಕಾಶವಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಕಾನೂನು ಬದಿಗಿಟ್ಟರೂ, ಅದೇ ಸೀಟನ್ನು ಮೂಲ ಫ್ರೇಮಿನ ತೂತುಗಳಿಗೇ ಬ್ರಾಕೆಟ್ ಹಾಕಿ ಕೂರಿಸಬಹುದು. ಒಂದು ವಾರ ಹೆಚ್ಚು ತಲೆ ಕೆಡಿಸಿಕೊಳ್ಳಬೇಕು, ಅಷ್ಟೇ. ನಿಜವಾದ ಕುಶಲಿ ಆ ವಾರವನ್ನು ಕೊಡುತ್ತಾನೆ.

ಒರಿಜಿನಲ್ ಹಸಿವಿಗೆ ಇನ್ನೊಂದು ಮುಖವಿದೆ, ಅದು ಗುಜರಿಯಲ್ಲಿ ಕಾಣುತ್ತದೆ. ಶಿವಾಜಿನಗರದ ಹಳೆ ಸ್ಪೇರ್ಸ್ ಅಂಗಡಿಗಳಲ್ಲಿ ಸರಪಳಿಗೆ ಪೋಣಿಸಿದ ಹ್ಯಾಂಡಲ್‌ಗಳು, ಸೂರಿನಿಂದ ನೇತಾಡುವ ಸೈಲೆನ್ಸರ್‌ಗಳು, ಎಣ್ಣೆ ಮೆತ್ತಿದ ಕ್ರ್ಯಾಂಕ್‌ಕೇಸುಗಳು. ಅಲ್ಲಿ ಕಂಪನಿಯ ಮೀಟರಿಗೆ, ಮುರಿಯದ ಹೆಡ್‌ಲ್ಯಾಂಪ್ ಡೂಮಿಗೆ ಕೊಡುವ ಬೆಲೆ ಏರುತ್ತಾ ಹೋದಂತೆ ಒಂದು ಲೆಕ್ಕಾಚಾರ ಶುರುವಾಗುತ್ತದೆ: ಇಡೀ ಬೈಕಾಗಿ ಮಾರುವುದಕ್ಕಿಂತ ಬಿಚ್ಚಿ ಮಾರಿದರೆ ಲಾಭ ಹೆಚ್ಚು. ದಾಖಲೆಯಿದ್ದ, ಒಂದಿಷ್ಟು ಕೆಲಸ ಮಾಡಿಸಿದ್ದರೆ ಓಡುತ್ತಿದ್ದ ಯೆಜ್ಡಿಗಳು ಹೀಗೆ ಭಾಗಗಳಾಗಿವೆ. ಶೋನಲ್ಲಿ ನಿಂತ ಪರಿಪೂರ್ಣ ಬೈಕೊಂದರ ಹಿಂದೆ ಎರಡು ಬೈಕು ಇಲ್ಲವಾಗಿರುವುದುಂಟು. ಹೊಸದಾಗಿ ಮಾಡಿದ ಡೂಪ್ಲಿಕೇಟ್ ಭಾಗವನ್ನು ಕೀಳೆಂದು ನೋಡುವವರು ಇದನ್ನು ಯೋಚಿಸಬೇಕು. ಚೆನ್ನಾಗಿ ಮಾಡಿದ ಹೊಸ ಮಡ್‌ಗಾರ್ಡ್ ಹಾಕಿಕೊಂಡು ಅದು ಹೊಸದೆಂದು ಹೇಳುವುದರಲ್ಲಿ ಅವಮಾನವಿಲ್ಲ.

ನಂಬರ್ ಪ್ಲೇಟಿನ ಮಾತನ್ನೂ ಹೇಳಿಬಿಡುತ್ತೇನೆ. 1989ರಲ್ಲಿ ಕೆಎ ಸರಣಿ ಬರುವ ಮುನ್ನ ಇಲ್ಲಿನ ಬೈಕುಗಳಿಗೆ ಎಂವೈ, ಎಂಇ, ಸಿಎ ಅಕ್ಷರಗಳಿಂದ ಶುರುವಾಗುವ ನಂಬರುಗಳಿದ್ದವು. ಮುಂದಿನ ಮಡ್‌ಗಾರ್ಡಿನ ಬೆನ್ನ ಮೇಲೆ ಬಾಗಿದ ತಗಡು, ಕಪ್ಪಿನ ಮೇಲೆ ಪೇಂಟರು ಕೈಯಲ್ಲಿ ಬರೆದ ಬಿಳಿ ಅಕ್ಷರ, ಎರಡೂ ಬದಿಗೆ. ಕೆಲವರ ಬರವಣಿಗೆಯನ್ನು ನೋಡಿಯೇ ಯಾವ ಬೀದಿಯ ಪೇಂಟರ ಕೈ ಎಂದು ಹೇಳುವವರಿದ್ದರು. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ವಾಹನಗಳಿಗೂ ಎಚ್‌ಎಸ್‌ಆರ್‌ಪಿ ಪ್ಲೇಟ್ ಕಡ್ಡಾಯವೆಂದು ರಾಜ್ಯ ಸರ್ಕಾರ 2023ರಲ್ಲಿ ಆದೇಶಿಸಿದ ಮೇಲೆ ಅಲ್ಯೂಮಿನಿಯಂ ಪ್ಲೇಟ್ ಬರಲೇಬೇಕು. ಬರಲಿ. ಆದರೆ ಆ ಬಾಗಿದ ತಗಡನ್ನು ಕಿತ್ತು ಎಸೆಯಬೇಡಿ. ಅದರ ಬರಹವನ್ನು ಇನ್ನೊಮ್ಮೆ ಬರೆಯುವ ಕೈಗಳು ಕಡಿಮೆಯಾಗುತ್ತಿವೆ.

ಕೆಲಸಕ್ಕೆ ಕೈ ಹಾಕುವ ಮುನ್ನ ಖರ್ಚಿಲ್ಲದೆ ಮಾಡಬಹುದಾದದ್ದು ಫೋಟೊ. ಬಿಚ್ಚುವ ಮೊದಲು ಪ್ರತಿ ಬ್ರಾಕೆಟ್, ಕೇಬಲ್ ಹೋಗುವ ದಾರಿ, ಬೋಲ್ಟಿನ ತಲೆಯ ಮೇಲಿನ ಗುರುತು, ಸ್ಟಿಕ್ಕರು, ಮಡ್‌ಗಾರ್ಡಿನ ಒಳಬಣ್ಣ ಎಲ್ಲವನ್ನೂ ಹಗಲು ಬೆಳಕಿನಲ್ಲಿ ತೆಗೆದಿಡಿ. ಬಣ್ಣ ತೆಗೆಯಲೇಬೇಕಾದರೆ ಕಾಣದ ಒಂದು ಮೂಲೆಯಲ್ಲಿ, ಸೀಟಿನಡಿಯೋ ಟೂಲ್‌ಬಾಕ್ಸಿನ ಒಳಗೋ ಬೆರಳಗಲ ಹಳೆಯದನ್ನು ಉಳಿಸಿ. ಏನು ಬದಲಿಸಿದಿರಿ, ಯಾಕೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಆರ್‌ಸಿಯ ಜೊತೆಗಿಡಿ. ಮಾರುವಾಗ ಅದನ್ನೂ ಕೊಟ್ಟುಬಿಡಿ. ಆಗ ಟ್ಯಾಂಕಿಗೆ ಗಿಳಿಹಸಿರು ಹೊಡೆಸಿದರೂ ನನ್ನ ಅಭ್ಯಂತರವಿಲ್ಲ.

ಈ ಮಾತುಗಳಿಗೆ ಒಂದು ಗಡುವೂ ಇದೆ. 1975ರ ಹಿಂದಿನ ಮೈಸೂರು ಜಾವಾ, ಯೆಜ್ಡಿಗಳು ಆಗಲೇ ವಿಂಟೇಜ್ ನಿಯಮದ 50 ವರ್ಷವನ್ನು ಮುಟ್ಟಿವೆ. ಮೊದಲ ರೋಡ್‌ಕಿಂಗ್‌ಗಳು 2028ಕ್ಕೆ ಮುಟ್ಟುತ್ತವೆ. ನಾನು ಕಂಡಂತೆ ಈ ಕೆಲವು ವರ್ಷಗಳಲ್ಲಿ ಅತಿ ಹೆಚ್ಚು ಗ್ರೈಂಡರಿಗೆ ಸಿಕ್ಕಿರುವುದು ಅದೇ ರೋಡ್‌ಕಿಂಗ್: ಜಾವಾಕ್ಕಿಂತ ಅಗ್ಗ, ಕೆಫೆ ರೇಸರಿಗೆ ಹೇಳಿ ಮಾಡಿಸಿದ ಆಕಾರ. ಕೆಎ-03 ಆರ್‌ಟಿಒದಲ್ಲಾಗಲಿ ಕೆ.ಆರ್. ಪುರದ ಕೆಎ-53 ಆರ್‌ಟಿಒದಲ್ಲಾಗಲಿ ನೋಂದಣಿಯಾದ ಬೈಕು ವಿಂಟೇಜ್ ಪರಿಶೀಲನೆಗೆ ಬಂದಾಗ ಟ್ಯಾಂಕಿನ ಬಣ್ಣಕ್ಕಿಂತ ಮುಖ್ಯವಾಗುವುದು ಸೀಟಿನಡಿಯ ಆ ಲೂಪು. ಗಾಡಿ ಈಗ ಶೆಡ್ಡಿನಲ್ಲಿದ್ದು ಇನ್ನೂ ಕತ್ತರಿಸದಿದ್ದರೆ, ಬ್ರಾಕೆಟ್ ಹಾಕುವ ಬಗ್ಗೆ ಇವತ್ತೇ ನಿಮ್ಮ ಮೆಕ್ಯಾನಿಕ್ ಜೊತೆ ಮಾತಾಡಿ.